ಉಡುಗೊರೆಗೂ ಸುಂಕ

ವಿದೇಶದಿಂದ ಬರುವ ಅಂಚೆ ಪೊಟ್ಟಣದ ಮೇಲೆ ಸಿಎನ್ 22 ಎಂಬ ಚಿಕ್ಕ ಚೀಟಿಯೊಂದು ಅಂಟಿಕೊಂಡಿರುತ್ತದೆ. ಒಳಗೇನಿದೆ, ತೂಕವೆಷ್ಟು, ಬೆಲೆಯೆಷ್ಟು ಎಂದು ಕಳಿಸುವವರು ಅದರಲ್ಲಿ ಬರೆಯಬೇಕು. ಉಡುಗೊರೆಯೋ, ಮಾರಾಟದ ಸರಕೋ ಎಂದು ಗುರುತು ಹಾಕಬೇಕು.

ನನ್ನ ಸಂಶೋಧನೆ ಕನ್ನಡ ನಿಘಂಟುಗಳ ಬಗ್ಗೆ. ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ. ಆದರೆ ಮಿಷನರಿಗಳ ಭಾಷಾಕೆಲಸದ ಬಗ್ಗೆ ನನಗೆ ಬೇಕಾದ ಜರ್ಮನ್ ಪುಸ್ತಕಗಳು ನಮ್ಮ ಗ್ರಂಥಾಲಯದಲ್ಲಿಲ್ಲ. ಜರ್ಮನಿಯ ನಿವೃತ್ತ ಪ್ರಾಧ್ಯಾಪಕಿಯೊಬ್ಬರು ತಮ್ಮ ಕಪಾಟಿನಿಂದಲೇ ಎರಡು ಪುಸ್ತಕ ಕಳಿಸಿದರು. ಚೀಟಿಯಲ್ಲಿ ‘ಉಡುಗೊರೆ’ ಎಂದು ಗುರುತು ಹಾಕಿ, ಪ್ರಾಮಾಣಿಕವಾಗಿ ಬೆಲೆಯನ್ನೂ ಬರೆದಿದ್ದರು. ಪೊಟ್ಟಣ ಕೈಗೆ ಕೊಡುವ ಮೊದಲು ಪೋಸ್ಟ್‌ಮ್ಯಾನ್ ಸುಂಕದ ಹಣ ಕೇಳಿದರು.

2019ರಲ್ಲಿ ಎರಡು ನಿಯಮ ಬದಲಾದವು. ಜುಲೈ 5ರ ಬಜೆಟ್‌ನಲ್ಲಿ, ಆಮದಾಗುವ ಮುದ್ರಿತ ಪುಸ್ತಕಗಳಿಗೆ ಶೇ 5ರಷ್ಟು ಸುಂಕ ಬಂತು. ದೇಶದ ಪ್ರಕಾಶನ, ಮುದ್ರಣ ಉದ್ಯಮಕ್ಕೆ ಒತ್ತಾಸೆಯಾಗಲಿ ಎಂಬುದು ಸರ್ಕಾರ ಕೊಟ್ಟ ಕಾರಣ. ಆ ಸುಂಕದ ಮೇಲೆ ಶೇ 10ರಷ್ಟು ಸಮಾಜ ಕಲ್ಯಾಣ ಸರ್ಚಾರ್ಜ್. ಲೆಕ್ಕ ಹಿಡಿಯುವುದು ಸಾಗಣೆ ವೆಚ್ಚವನ್ನೂ ಕೂಡಿಸಿ. ಒಟ್ಟು 4,000 ರೂಪಾಯಿ ಎಂದಾದರೆ ಸುಂಕ 200, ಸರ್ಚಾರ್ಜ್ 20. ಡಿಸೆಂಬರ್ 12ರಂದು, ಅಂಚೆಯಲ್ಲೋ ಕೊರಿಯರ್‌ನಲ್ಲೋ ಬಂದ ವಸ್ತುವನ್ನು ಉಡುಗೊರೆಯೆಂದು ಹೇಳಿ ಸುಂಕವಿಲ್ಲದೆ ಬಿಡಿಸಿಕೊಳ್ಳುವ ದಾರಿ ಮುಚ್ಚಿತು. ಉಳಿದ ವಿನಾಯಿತಿ ಎರಡೇ: ಜೀವರಕ್ಷಕ ಔಷಧಿ ಮತ್ತು ರಾಖಿ. ರಾಖಿಯ ಜೊತೆ ಬರುವ ಉಡುಗೊರೆಗೂ ವಿನಾಯಿತಿಯಿಲ್ಲ. ಆನ್‌ಲೈನ್ ಅಂಗಡಿಗಳ ಸರಕು ಉಡುಗೊರೆಯ ಹೆಸರಲ್ಲಿ ನುಸುಳುತ್ತಿತ್ತು, ಹಾಗಾಗಿ ಈ ನಿಯಮ ಸುಮ್ಮನೆ ಬಂದದ್ದಲ್ಲ.

220 ರೂಪಾಯಿ ದೊಡ್ಡ ಮೊತ್ತವೇನಲ್ಲ. ಫೆಲೋಶಿಪ್ ತಡವಾದ ತಿಂಗಳಲ್ಲಿ ಮೆಸ್ ಬಿಲ್ಲಿನ ಜೊತೆ ಅದೂ ಒಂದು ಲೆಕ್ಕ, ಅಷ್ಟೆ. ನನ್ನನ್ನು ಕಾಡಿದ್ದು ಬೇರೆ. ಪುಸ್ತಕ ತಲುಪಿತು ಎಂದು ಮೇಲ್ ಮಾಡಿದಾಗ, ಸುಂಕ ಕಟ್ಟಬೇಕಾಯಿತೇ ಎಂದು ಅವರು ಕೇಳಿದರು. ಹೌದೆಂದೆ. ಹಾಗಾದರೆ ಉಳಿದವನ್ನು ಕಳಿಸುವುದಿಲ್ಲ, ನಿಮಗೆ ಹೊರೆಯಾಗುತ್ತದೆ ಎಂದು ಬರೆದರು. ಹೊರೆಯೇನಿಲ್ಲ, ಕಳಿಸಿ ಎಂದು ಉತ್ತರಿಸಲು ನನಗೆ ಎರಡು ದಿನ ಬೇಕಾಯಿತು. ಕೊಡುವವರೇ ಹಿಂದೆಮುಂದೆ ನೋಡುವಾಗ ತೆಗೆದುಕೊಳ್ಳುವವರು ಎಷ್ಟೆಂದು ಕೇಳಿಯಾರು?

ಅಂಚಿನ ತುಂಬ ಪೆನ್ಸಿಲ್ ಟಿಪ್ಪಣಿಗಳಿರುವ ಆ ಪುಸ್ತಕಗಳಿಗೆ ಬದಲಿಯನ್ನು ಇಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ಅವು ಬರದೇ ಹೋದರೆ ನಮ್ಮ ಪ್ರಕಾಶಕರ ಒಂದು ಪ್ರತಿಯೂ ಹೆಚ್ಚು ಮಾರಾಟವಾಗದು. ಒಬ್ಬರು ಓದಿ ಇನ್ನೊಬ್ಬರಿಗೆ ಕಳಿಸುವ ಒಂದೆರಡು ಪುಸ್ತಕಗಳನ್ನು ರಾಖಿಯ ಸಾಲಿಗೆ ಸೇರಿಸಿದರೆ ಸಾಕು. ವ್ಯಾಪಾರದ ಸರಕಿಗೆ ಸುಂಕ ಇರಲಿ.

ಉಳಿದ ಪುಸ್ತಕಗಳು ಇನ್ನೂ ಜರ್ಮನಿಯ ಕಪಾಟಿನಲ್ಲೇ ಇವೆ. ಅವರಿಗೀಗ 79 ವರ್ಷ.