ಟೈಟಲ್ ಇನ್ಶೂರೆನ್ಸ್ ಮಾರದ ಊರಲ್ಲಿ ಮೂರು ದಿನ

ಶಿಕಾಗೋ ಬಿಟ್ಟು ಪಶ್ಚಿಮಕ್ಕೆ ಎರಡೂವರೆ ಗಂಟೆ ಕಳೆದಿತ್ತು. ಹೈವೇ 20ರ ಪಕ್ಕದಲ್ಲಿ 'ಜೋ ಡೇವಿಸ್ ಕೌಂಟಿ' ಅನ್ನೋ ಬೋರ್ಡ್ ಕಂಡಿದ್ದೇ ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. ಬೆಂಗಳೂರಿನ ಆಫೀಸಿನಲ್ಲಿ ಆರು ವರ್ಷ ನೈಟ್ ಶಿಫ್ಟ್ ಮಾಡಿ ನಾನು ಜಾಲಾಡಿದ್ದು ಇದೇ ಕೌಂಟಿಯ ಜಮೀನು ದಾಖಲೆಗಳನ್ನ. ಯಾರು ಯಾರಿಗೆ ಮಾರಿದರು, ಯಾವ ಸಾಲ ತೀರಿಲ್ಲ, ಯಾವ ವಿಚ್ಛೇದನದಲ್ಲಿ ಮನೆ ಯಾರ ಪಾಲಾಯಿತು, ಎಲ್ಲ ಗೊತ್ತು. ಇಲ್ಲಿನ ನೆಲ ಇಷ್ಟೊಂದು ಏರಿಳಿತದ್ದು ಅನ್ನೋದು ಮಾತ್ರ ಗೊತ್ತಿರಲಿಲ್ಲ. ಕಾಗದದಲ್ಲಿ ಗುಡ್ಡ ಕಾಣಲ್ಲ ನೋಡಿ.

ನಾನು ಹೊರಟಿದ್ದು ಡುಬ್ಯೂಕ್‌ಗೆ. ಮಿಸಿಸಿಪ್ಪಿ ನದಿಯ ಈಚೆ ದಡ ಇಲಿನಾಯ್, ಆಚೆ ದಡ ಅಯೋವ. ಆ ಆಚೆ ದಡದ ಊರು ಇದು. ಸುತ್ತಲಿನ ರಾಜ್ಯಗಳ ಟೈಟಲ್ ಕಂಪನಿಗಳ ಪ್ರಾದೇಶಿಕ ಸಮ್ಮೇಳನ ಅಲ್ಲಿತ್ತು. 'ಬ್ಯಾಕ್ ಆಫೀಸಿನವರೂ ಒಬ್ಬರು ಬರಲಿ' ಅಂತ ಕ್ಲೈಂಟ್ ಕರೆದಿದ್ದರು.

ಟೈಟಲ್ ಇನ್ಶೂರೆನ್ಸ್ ಅಂದ್ರೆ ಏನು ಅಂತ ಅಮ್ಮನಿಗೆ ಹೇಳೋಕೆ ನನಗೆ ವರ್ಷಗಳೇ ಬೇಕಾದವು. ಕಾರಿನ ವಿಮೆ ಮುಂದೆ ಆಗಬಹುದಾದ ಅಪಘಾತಕ್ಕೆ. ಇದು ಹಿಂದೆ ಆಗಿಹೋದದ್ದಕ್ಕೆ. ನೀವು ಮನೆ ಕೊಂಡ ಮೇಲೆ ಹಳೇ ಪತ್ರದಲ್ಲಿ ಫೋರ್ಜರಿ ಸಿಕ್ಕಿತು, ಇಲ್ಲಾ ಗೊತ್ತೇ ಇಲ್ಲದ ವಾರಸುದಾರ ಬಂದು ನಿಂತ ಅಂದ್ಕೊಳ್ಳಿ. ಕೋರ್ಟ್ ಖರ್ಚು, ನಷ್ಟ ಕಂಪನಿಯದು. ಪ್ರೀಮಿಯಂ ಒಂದೇ ಸಲ, ಕೊಳ್ಳುವಾಗ. ಇದನ್ನ ಮಾರೋಕೇ ಅಂತ ಮೊದಲ ಕಂಪನಿ ಹುಟ್ಟಿದ್ದು 1876ರಲ್ಲಿ, ಫಿಲಡೆಲ್ಫಿಯಾದಲ್ಲಿ.

ತಮಾಷೆ ಅಂದ್ರೆ, ಅಯೋವದಲ್ಲಿ ಇದನ್ನ ಮಾರೋ ಹಾಗೇ ಇಲ್ಲ! 1947ರಲ್ಲೇ ಕಾನೂನು ಮಾಡಿ ನಿಲ್ಲಿಸಿದ್ದಾರೆ. ಜಮೀನಿನ ಪೂರ್ತಿ ಚರಿತ್ರೆಯನ್ನ ಒಬ್ಬರು ಬರೆದುಕೊಡ್ತಾರೆ, ವಕೀಲರು ಓದಿ ಅಭಿಪ್ರಾಯ ಕೊಡ್ತಾರೆ, ಬೇಕಾದರೆ ರಾಜ್ಯ ಸರ್ಕಾರದ ಸಂಸ್ಥೆಯೇ ಗ್ಯಾರಂಟಿ ನಿಲ್ಲುತ್ತೆ. ಅಮೆರಿಕದಲ್ಲಿ ಹೀಗಿರೋ ರಾಜ್ಯ ಇದೊಂದೇ. ಉದ್ಘಾಟನೆಯ ದಿನ ಎಲ್ಲ ಭಾಷಣಗಳಲ್ಲೂ ಇದೇ ಜೋಕು. ನಾಲ್ಕನೇ ಸಲಕ್ಕೆ ನಗು ಸ್ವಲ್ಪ ಕಮ್ಮಿಯಾಯಿತು.

ಸೆಮಿನಾರ್‌ಗಳು ಸೆಮಿನಾರ್‌ಗಳ ಹಾಗೇ ಇದ್ದವು. ಎಸಿ ಜಾಸ್ತಿ, ಕಾಫಿ ನೀರು. ಒಂದು ಮಾತ್ರ ನಿದ್ದೆ ಕೆಡಿಸ್ತು. ಖಾಲಿ ಸೈಟು, ಸಾಲ ಇಲ್ಲ, ಮಾಲೀಕ ಬೇರೆ ಊರಲ್ಲಿ. ಇಂಥದ್ದನ್ನ ಹುಡುಕಿ, ತಾನೇ ಮಾಲೀಕ ಅಂತ ಈಮೇಲ್‌ನಲ್ಲೇ ವ್ಯವಹರಿಸಿ ಮಾರಿಬಿಡೋ ಕಳ್ಳರ ಬಗ್ಗೆ. ಊಟದ ಟೇಬಲ್‌ನಲ್ಲಿ ನಾನು ಹೇಳಿದೆ, 'ನಮ್ಮ ಬೆಂಗಳೂರಲ್ಲಿ ಕಾಂಪೌಂಡ್ ಮೇಲೆ ದೊಡ್ಡದಾಗಿ ಬರೆಸ್ತಾರೆ, ಈ ಸ್ವತ್ತು ಇಂಥವರದು, ಮಾರಾಟಕ್ಕಿಲ್ಲ ಅಂತ.' ಎಲ್ಲರೂ ನಕ್ಕರು. ಎದುರಿಗೆ ಕೂತಿದ್ದ ವಿಸ್ಕಾನ್ಸಿನ್‌ನ ಹೆಂಗಸು ನಗಲಿಲ್ಲ. ಪೆನ್ನು ತೆಗೆದು ನ್ಯಾಪ್‌ಕಿನ್ ಮೇಲೆ ಬರೆದುಕೊಂಡರು.

ನಾನೂ ಪೂರ್ತಿ ನಕ್ಕಿರಲಿಲ್ಲ. ಮೈಸೂರಿನ ಹೊರಗೆ ಅಪ್ಪ ರಿಟೈರ್ಮೆಂಟ್ ದುಡ್ಡಲ್ಲಿ ಕೊಂಡ ಮೂವತ್ತು-ನಲವತ್ತರ ಸೈಟಿನ ಕಾಂಪೌಂಡ್ ಮೇಲೂ ಆ ಬರಹ ಇದೆ, ಕೆಳಗೆ ಕೇಸ್ ನಂಬರ್ ಸಮೇತ. ಮಾರಿದವನ ಅಕ್ಕಂದಿರು ದಾವೆ ಹಾಕಿ ಹನ್ನೊಂದು ವರ್ಷ. ಇಸಿ ಕ್ಲೀನ್ ಇತ್ತು, ಖಾತೆ ಸರಿ ಇತ್ತು. ವಿಭಾಗ ಪತ್ರದಲ್ಲಿ ಆ ಇಬ್ಬರು ಹೆಣ್ಣುಮಕ್ಕಳ ಸಹಿ ಮಾತ್ರ ಇರಲಿಲ್ಲ. ನಮ್ಮಲ್ಲಿ ರಿಜಿಸ್ಟರ್ ಆಯ್ತು ಅಂದ್ರೆ ವ್ಯವಹಾರ ದಾಖಲಾಯ್ತು ಅಂತ ಅಷ್ಟೇ, ಒಡೆತನಕ್ಕೆ ಸರ್ಕಾರದ ಗ್ಯಾರಂಟಿ ಅಲ್ಲ. ರಾತ್ರಿಯಿಡೀ ಬೇರೆಯವರ ಟೈಟಲ್ ಹುಡುಕೋ ಮಗನಿದ್ದೂ ಅಪ್ಪನ ಸೈಟು ಹೀಗಾಯಿತು. ಆ ಸೈಟು ಕೊಂಡಾಗ ನಾನಿನ್ನೂ ಕಾಲೇಜಿನಲ್ಲಿದ್ದೆ ಅನ್ನೋದೊಂದೇ ಸಮಾಧಾನ.

ಎರಡನೇ ದಿನ ಮಧ್ಯಾಹ್ನ ಎಲ್ಲರೂ ಗಾಲ್ಫ್‌ಗೆ ಹೋದರು. ನನಗೆ ಗಾಲ್ಫ್ ಬರಲ್ಲ. ಊರಿನ ದಕ್ಷಿಣಕ್ಕಿರೋ 'ಮೈನ್ಸ್ ಆಫ್ ಸ್ಪೇನ್' ಕಾಡಿಗೆ ಹೋದೆ. ನದಿಯ ಮೇಲಿನ ಬಂಡೆಯ ತುದಿಯಲ್ಲಿ 1897ರಲ್ಲಿ ಕಟ್ಟಿದ ಸುಣ್ಣಕಲ್ಲಿನ ದುಂಡು ಗೋಪುರ, ಅದರಡಿ ಜೂಲಿಯನ್ ಡುಬ್ಯೂಕ್ ಸಮಾಧಿ. ಊರಿಗೆ ಹೆಸರು ಕೊಟ್ಟ ಫ್ರೆಂಚ್ ಕೆನಡಿಯನ್. 1788ರಲ್ಲಿ ಇಲ್ಲಿನ ಮೆಸ್ಕ್ವಾಕಿ ಜನ ಈತನಿಗೆ ಸೀಸದ ಗಣಿ ತೋಡೋಕೆ ಅನುಮತಿ ಕೊಟ್ಟರು. ಪುಣ್ಯಾತ್ಮ 1796ರಲ್ಲಿ ಸ್ಪೇನ್‌ನ ಗವರ್ನರ್‌ಗೆ ಅರ್ಜಿ ಹಾಕಿದ, 'ಅವರಿಂದ ಕೊಂಡಿದ್ದೇನೆ' ಅಂತ. ಗವರ್ನರ್ ಮಂಜೂರು ಮಾಡಿದ. ಸಾಲ ಏರಿದಾಗ ಅದರಲ್ಲೇ ಒಂದು ಭಾಗವನ್ನ ಸೇಂಟ್ ಲೂಯಿಸ್‌ನ ವ್ಯಾಪಾರಿ ಶೂಟೋಗೆ ಮಾರಿಯೂ ಬಿಟ್ಟ.

ಆತ ಸತ್ತದ್ದು 1810ರಲ್ಲಿ. 1833ರಿಂದ ಇಲ್ಲಿ ಊರು ಬೆಳೆಯಿತು. ಜನ ಅಮೆರಿಕ ಸರ್ಕಾರದಿಂದ ಜಾಗ ಪಡೆದು ಮನೆ ಕಟ್ಟಿದರು. ಇತ್ತ ಶೂಟೋ ವಾರಸುದಾರರು 'ಇದೆಲ್ಲ ನಮ್ಮದು' ಅಂತ ಕೇಸು ಹಾಕಿದರು. ಒಂದು ಇಡೀ ಊರಿನ ಟೈಟಲ್ ತಕರಾರಿನಲ್ಲಿ! 1853ರ 'ಶೂಟೋ ವರ್ಸಸ್ ಮೊಲೋನಿ' ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು, ಮೆಸ್ಕ್ವಾಕಿಗಳು ಕೊಟ್ಟದ್ದು ಗಣಿ ತೋಡೋ ಅನುಮತಿ, ಭೂಮಿಯನ್ನಲ್ಲ. ಊರಿನವರು ಗೆದ್ದರು.

ನೆಲ ಮಾರಲೇ ಇಲ್ಲ ಅಂತ ಕೋರ್ಟೇ ಹೇಳಿದ ಮೆಸ್ಕ್ವಾಕಿಗಳಿಗೆ ಆ ತೀರ್ಪಿನಿಂದ ಏನೂ ಸಿಗಲಿಲ್ಲ. ಅಷ್ಟರಲ್ಲಿ ಒಪ್ಪಂದಗಳ ಮೇಲೆ ಒಪ್ಪಂದ ಬರೆಸಿ ಅವರನ್ನ ಕಾನ್ಸಾಸ್‌ಗೆ ಕಳಿಸಿಯಾಗಿತ್ತು. ಅವರು ವಾಪಸ್ ಬಂದು 1857ರಲ್ಲಿ, ಇಲ್ಲಿಂದ ಪಶ್ಚಿಮಕ್ಕೆ ಎರಡು-ಎರಡೂವರೆ ಗಂಟೆ ದಾರಿಯ ಟೇಮಾ ಕೌಂಟಿಯಲ್ಲಿ 80 ಎಕರೆ ಕೊಂಡರು. ತಮ್ಮದೇ ನಾಡಿನಲ್ಲಿ, ಸ್ವಂತ ದುಡ್ಡು ಕೊಟ್ಟು, ಕ್ರಯಪತ್ರ ಮಾಡಿಸಿಕೊಂಡು. ಇವತ್ತಿಗೂ ಅಲ್ಲೇ ಇದ್ದಾರೆ, ಜಮೀನೂ ಬೆಳೆದಿದೆ.

ಸಮ್ಮೇಳನದ ಯಾವ ಸೆಮಿನಾರಿನಲ್ಲೂ ಈ ಕಥೆ ಬರಲಿಲ್ಲ. ಬರಬೇಕಿತ್ತು ಅನ್ನಿಸ್ತು.

ಕೊನೆಯ ಸಂಜೆ ನದಿಯಲ್ಲಿ ಬೋಟ್ ಡಿನ್ನರ್. ಅದಕ್ಕೆ ಮುಂಚೆ ಒಂದಿಷ್ಟು ಜನ ಫೆನೆಲನ್ ಪ್ಲೇಸ್ ಎಲಿವೇಟರ್ ಹತ್ತಿದೆವು. ಗುಡ್ಡದ ಮೈಗೆ ಅಂಟಿಕೊಂಡ ಪುಟ್ಟ ಹಳಿ, 296 ಅಡಿ ಉದ್ದ. ಹಸಿರು ಬಣ್ಣದ ಡಬ್ಬಿಯಂಥ ಬೋಗಿ ಕಿರ್ರ್ ಅಂತ 189 ಅಡಿ ಮೇಲೇರುತ್ತೆ. ಮೇಲೆ ನಿಂತರೆ ಒಂದೇ ನೋಟಕ್ಕೆ ಮೂರು ರಾಜ್ಯ. ವಿಸ್ಕಾನ್ಸಿನ್‌ನ ಆ ಹೆಂಗಸು ಬೆರಳು ತೋರಿಸಿ, 'ಅಲ್ಲಿ ಇನ್ಶೂರೆನ್ಸ್ ಉಂಟು, ಅಲ್ಲೂ ಉಂಟು, ಇಲ್ಲಿ ಇಲ್ಲ' ಅಂದರು. ಮೇಲಿಂದ ನೋಡಿದರೆ ಎಲ್ಲ ಒಂದೇ ಹಸಿರು.

ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಅಲ್ಲಿ ಬೆಳಗಿನ ಜಾವ, ಅವರು ವಾಕಿಂಗ್‌ಗೆ ರೆಡಿ. ನದಿ ತೋರಿಸಿದೆ. 'ಕಾವೇರಿಗಿಂತ ದೊಡ್ಡದೇ' ಅಂತ ಒಪ್ಪಿಕೊಂಡರು. ಆಮೇಲೆ ಕೇಳಿದೆ, 'ಅಪ್ಪಾ, ಊರಿನ ಗದ್ದೆ ಭಾಗ ಆದಾಗ ಅತ್ತೆ ಸಹಿ ಹಾಕಿದ್ರಾ?'

ಸ್ವಲ್ಪ ಹೊತ್ತು ಬರೀ ಶೂ ಲೇಸ್ ಕಾಣಿಸ್ತು.

'ಹಾಕಿದ್ಲು. ಹಕ್ಕು ಬಿಡುಗಡೆ ಪತ್ರ.'

'ಓದಿ ಹಾಕಿದ್ರಾ?'

'ಯಾಕೋ ಈಗ?' ಅಂದರು. ಆಮೇಲೆ, 'ಮದುವೆ ಮನೇಲಿ ಹಾಕಿಸಿದ್ವಿ. ಯಾರೂ ಓದಲಿಲ್ಲ.'

ಕೆಳಗಿನಿಂದ ಬೋಟಿನವರು ಹಾರ್ನ್ ಹೊಡೆದರು. ಬಂದ ಮೇಲೆ ಆ ಪತ್ರ ಹುಡುಕೋಣ ಅಂದೆ. ಬೀರುವಿನ ಮೇಲಿನ ಖಾನೆಯಲ್ಲಿದೆ ಅಂದರು ಅಪ್ಪ, ನಾನು ಕೇಳುವ ಮುಂಚೆಯೇ.