ಮಗಳ ಜತೆ ಸರಳೆ ವರಸೆ

ಮಗಳನ್ನು ಸಂಗೀತ ಪಾಠಕ್ಕೆ ಸೇರಿಸುವಾಗ ನಾನೂ ಕಲಿಯಬೇಕಾದೀತೆಂದು ಎಣಿಸಿರಲಿಲ್ಲ. ಭಾನುವಾರ ಬೆಳಗ್ಗೆ ಅವಳನ್ನು ಟೀಚರ ಮನೆಗೆ ಬಿಟ್ಟು, ಜಗಲಿಯಲ್ಲಿ ಕುಳಿತು ಪೇಪರು ಓದುವುದೆಂದು ನನ್ನ ಲೆಕ್ಕಾಚಾರ. ಆದರೆ ಏಳು ವರ್ಷದ ಹುಡುಗಿ, ಅಪ್ಪ ಪಕ್ಕದಲ್ಲಿಲ್ಲದೆ ಬಾಯಿ ತೆರೆಯಲೊಲ್ಲಳು. "ನೀವೂ ಒಳಗೆ ಬನ್ನಿ. ಸುಮ್ಮನೆ ಕೂರಬೇಡಿ, ತಾಳ ಹಾಕಿ" ಎಂದು ಟೀಚರು ಮಲಯಾಳದಲ್ಲಿ ಕರೆದರು.

ಹೀಗೆ ನಲವತ್ತಾರರ ಪ್ರಾಯದಲ್ಲಿ ನಾನು ಮಾಯಾಮಾಳವಗೌಳದ ಸರಳೆ ವರಸೆಗೆ ಕುಳಿತೆ. ಆದಿತಾಳಕ್ಕೆ ಎಂಟೇ ಎಣಿಕೆ. ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು. ಮತ್ತೆ ಎರಡು ಸಲ ಪೆಟ್ಟು ಹಾಕಿ ಅಂಗೈ ಮಗುಚುವುದು. ಬ್ಯಾಂಕಿನಲ್ಲಿ ನೋಟಿನ ಕಟ್ಟುಗಳನ್ನು ಎಣಿಸಿ ಪಳಗಿದ ಬೆರಳುಗಳು ಇಲ್ಲಿ ಎರಡನೇ ಕಾಲಕ್ಕೆ ಬರುವಾಗ ಲೆಕ್ಕ ತಪ್ಪುತ್ತಿದ್ದವು. ಮಗಳು ನಕ್ಕಳು. ನಕ್ಕ ಮೇಲೆ ಅವಳ ಹೆದರಿಕೆಯೂ ಹೋಯಿತು.

ಜಂಟಿ ವರಸೆ, ಅಲಂಕಾರಗಳನ್ನು ದಾಟಿ ಗೀತೆಗೆ ಬಂದೆವು. ಗಣಪತಿಯ ಮೇಲಿನ ಪಿಳ್ಳಾರಿ ಗೀತೆ. ಮಲಹರಿ ರಾಗ, ರೂಪಕ ತಾಳ. ಟೀಚರು ಹೇಳಿದ್ದನ್ನು ಮಕ್ಕಳೆಲ್ಲ ಮಲಯಾಳ ಲಿಪಿಯಲ್ಲಿ ಬರೆದುಕೊಂಡರು, ನನ್ನ ಮಗಳೂ ಸಹ. ಹಾಡುವಾಗ ಮಾತ್ರ 'ಲಕುಮಿ' ಎಲ್ಲರ ಬಾಯಲ್ಲೂ 'ಲಗುಮಿ'. ಟೀಚರು ತಾಳ ನಿಲ್ಲಿಸಿ ನನ್ನನ್ನೇ ಕೇಳಿದರು: "ಇದು ಲಕ್ಷ್ಮಿಯೇ ಅಲ್ಲವೆ? ಪುಸ್ತಕದಲ್ಲಿ ಅಚ್ಚು ತಪ್ಪಿರಬೇಕೆಂದು ನಾನು ಎಣಿಸಿದ್ದೆ."

"ತಪ್ಪಲ್ಲ ಟೀಚರೇ, ಲಕ್ಷ್ಮಿಯೇ ಕನ್ನಡದಲ್ಲಿ ಲಕುಮಿಯಾಗುತ್ತಾಳೆ. ಈ ಗೀತೆಗಳನ್ನು ಕಟ್ಟಿದವರು ಪುರಂದರದಾಸರೆಂದಲ್ಲವೆ ಸಂಪ್ರದಾಯ? ಅವರ ಮಾತು ಕನ್ನಡ" ಎಂದೆ. ಟೀಚರು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಮಕ್ಕಳ ಕಕಾರ ತಿದ್ದುವ ಕೆಲಸ ಅಂದು ನನಗೇ ಬಿತ್ತು. ತುಸು ಹೆಮ್ಮೆಯೂ ಆಯಿತು.

ಹೆಮ್ಮೆ ಮನೆ ತಲಪುವವರೆಗೆ ಉಳಿಯಲಿಲ್ಲ. ಸ್ಕೂಟರಿನ ಹಿಂದೆ ಕುಳಿತ ಮಗಳು ಕೇಳಿದಳು: "ಅಪ್ಪ, ಅದನ್ನು ಕನ್ನಡದಲ್ಲಿ ಹೇಗೆ ಬರೆಯುವುದು?"

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ನೋವಿನ ಬಗ್ಗೆ ಭಾಷಣ ಕೇಳಿ ಚಪ್ಪಾಳೆ ತಟ್ಟಿದವನು ನಾನು. ಕನ್ನಡದ ಮನವಿಗಳಿಗೆ ಸಹಿ ಹಾಕಿದವನು. ಮಗಳನ್ನು ಮಾತ್ರ ಇಂಗ್ಲಿಷ್ ಶಾಲೆಗೆ ಹಾಕಿದೆ. ಅಲ್ಲಿ ಅವಳು ಕಲಿಯುವ ಇನ್ನೊಂದು ಭಾಷೆ ಮಲಯಾಳ. ಆ ಅರ್ಜಿಯನ್ನು ಯಾರೂ ನನ್ನ ಕೈಹಿಡಿದು ಬರೆಸಿರಲಿಲ್ಲ. ನನ್ನ ಅಮ್ಮ ಮುಸ್ಸಂಜೆ ದೀಪ ಹಚ್ಚಿ, ಪುಸ್ತಕ ನೋಡದೆ ದಾಸರ ಪದ ಹೇಳುತ್ತಿದ್ದರು. ಮನೆಯಲ್ಲಿ ಕೇಳುತ್ತಿದ್ದರೆ ಕನ್ನಡ ತಾನಾಗಿ ಬರುತ್ತದೆಂದು ನಾನೂ ನಂಬಿದ್ದೆ. ಮಗಳ ಕಿವಿಗೆ ಬಂತು, ನಾಲಗೆಗೂ ಬಂತು. ಕೈಗೆ ಬರಲಿಲ್ಲ.

ಆ ರಾತ್ರಿ ಅವಳ ನೋಟುಪುಸ್ತಕದಲ್ಲಿ, ಮಲಯಾಳದಲ್ಲಿ ಬರೆದ ಗೀತೆಯ ಎದುರಿನ ಪುಟಕ್ಕೆ ಅದನ್ನೇ ಕನ್ನಡದಲ್ಲಿ ಬರೆದೆ. "ಈ 'ಲ' ಸುಮಾರು ನಮ್ಮ ಶಾಲೆಯದರ ಹಾಗೇ ಉಂಟು" ಎಂದು ಅವಳು ಬೆರಳಿಟ್ಟು ತೋರಿಸಿದಳು. ಅಲ್ಲಿಂದಲೇ ಸುರುಮಾಡಿದೆವು.

ಈಗ ಪ್ರತಿ ವಾರದ ಪಾಠವನ್ನು ಎರಡೂ ಪುಟಗಳಲ್ಲಿ ಅವಳೇ ಬರೆಯುತ್ತಾಳೆ. ಒತ್ತಕ್ಷರ ಇನ್ನೂ ತಪ್ಪುತ್ತದೆ, ನಾನು ತಿದ್ದುತ್ತೇನೆ. ಎರಡನೇ ಕಾಲದಲ್ಲಿ ನನ್ನ ತಾಳ ಇನ್ನೂ ತಪ್ಪುತ್ತದೆ. ಅದನ್ನು ಅವಳು ತಿದ್ದುತ್ತಾಳೆ.