ಮಳೆಗಾಲದಲ್ಲಿ ಒಂದು ಲಾಗಿನ್

ಜುಲೈ 8, 2024, ಸೋಮವಾರ. ತೀರ್ಥಹಳ್ಳಿ

ಕಪ್ಪು ಪರದೆ ಕಂಡ ಕೂಡಲೇ ಬೆರಳು ತಾನಾಗಿ ‘ಮೊಂಗೊ’ ಎಂದು ಟೈಪ್ ಮಾಡಿತು. ಅಂಥ ಕಮಾಂಡೇ ಇಲ್ಲ ಎಂದಿತು ಹೊಸ ಲ್ಯಾಪ್‌ಟಾಪು. ಹೌದಲ್ಲ, 2022ರಲ್ಲಿ ಬಂದ ಮೊಂಗೊಡಿಬಿ ಡೇಟಾಬೇಸಿನ 6.0ರಿಂದಲೇ ಆ ಹಳೆಯ ಶೆಲ್ಲನ್ನು ಕೈಬಿಟ್ಟಿದ್ದಾರೆ. ಈಗಿನದು ಮೊಂಗೋಶ್. ಹಾಕಿಕೊಂಡೆ.

ಮಾಡಬೇಕಾದ್ದು ಇಷ್ಟೇ: ಹಳೆ ಸರ್ವರಿನಲ್ಲಿದ್ದ ಬಿಲ್ಲುಗಳೆಲ್ಲ ಹೊಸ ಕ್ಲಸ್ಟರಿಗೆ ಬಂದಿವೆಯಾ ಎಂದು ಎಣಿಸಿ ಹೇಳುವುದು. ಕಾಲು ಗಂಟೆಯ ಕೆಲಸ ಅಂದುಕೊಂಡೇ ಊರಿಗೆ ಹೊರಟು ಬಂದದ್ದು. ವಿಳಾಸ, 27017 ಎಂಬ ಪೋರ್ಟು, ಯೂಸರ್ ಹೆಸರು ಎಲ್ಲ ಕೊಟ್ಟು ಎಂಟರ್ ಒತ್ತಿದೆ. ಮೂವತ್ತು ಸೆಕೆಂಡು ಏನೂ ಇಲ್ಲ, ಆಮೇಲೆ ಟೈಮ್‌ಔಟ್. ಬೈದಿದ್ದರೂ ವಾಸಿಯಿತ್ತು. ಫೈರ್‌ವಾಲ್ ಬೈಯುವುದಿಲ್ಲ, ಗುರುತಿಲ್ಲದ ಐಪಿಯಿಂದ ಬಂದದ್ದನ್ನು ಸದ್ದಿಲ್ಲದೆ ಬಿಸಾಕುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಹುಡುಗನಿಗೆ ಮನೆಯ ಐಪಿ ಕಳಿಸಿ ಪಟ್ಟಿಗೆ ಸೇರಿಸು ಅಂದೆ. ಅವನು ಸೇರಿಸುವಷ್ಟರಲ್ಲಿ ಊಟದ ಹೊತ್ತು. ನಾಳೆ ನೋಡುವಾ ಎಂದು ಮುಚ್ಚಿಟ್ಟೆ.

ಜುಲೈ 9, ಮಂಗಳವಾರ

ರಾತ್ರಿಯೆಲ್ಲ ಮಳೆ. ಕರೆಂಟು ನಾಲ್ಕು ಸಲ ಹೋಗಿ ಬಂದಿರಬೇಕು. ಪ್ರತಿ ಸಲ ಮೋಡೆಮ್ಮು ಎದ್ದಾಗ ಹೊಸ ಐಪಿ. ಬೆಳಿಗ್ಗೆ ಮತ್ತದೇ ಮೂವತ್ತು ಸೆಕೆಂಡಿನ ಮೌನ. ಹೊಸ ನಂಬರು ಕಳಿಸಿದೆ, ಸೇರಿಸಿದ. ಮಧ್ಯಾಹ್ನ ಮತ್ತೆ ಕರೆಂಟು ಹೋಯಿತು.

‘ಮೇಡಂ, ಇವತ್ತೊಂದು ದಿನ 0.0.0.0/0 ಕೊಟ್ಬಿಡ್ಲಾ?’ ಅಂದ. ಅಂದರೆ ಲೋಕದ ಯಾವ ಮೂಲೆಯಿಂದ ಬೇಕಾದರೂ ಬನ್ನಿ ಎಂದು.

‘ಬೇಡ ಕಣಪ್ಪ.’

ಅವನು ಆಗ ಕಾಲೇಜಿನಲ್ಲೂ ಇದ್ದಿರಲಿಕ್ಕಿಲ್ಲ. 2017ರ ಜನವರಿಯಲ್ಲಿ ಪಾಸ್‌ವರ್ಡೇ ಇಲ್ಲದೆ ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಸಾವಿರಾರು ಮೊಂಗೊಡಿಬಿಗಳನ್ನು ಯಾರೋ ಗುಡಿಸಿ ಹಾಕಿ, ಬಿಟ್‌ಕಾಯಿನ್ ಕೊಟ್ಟರೆ ಡೇಟಾ ವಾಪಸ್ ಎಂಬ ಚೀಟಿ ಬಿಟ್ಟು ಹೋಗಿದ್ದರು. ದುಡ್ಡು ಕೊಟ್ಟ ಎಷ್ಟೋ ಜನಕ್ಕೆ ಡೇಟಾ ಬರಲೂ ಇಲ್ಲ. ಬೇರೆ ಏನೂ ಹೇಳದಿದ್ದರೆ ತನ್ನ ಮೆಷಿನ್ನಿನ ಒಳಗಿನ ಕರೆಗೆ ಮಾತ್ರ ಓಗೊಡುವ ಪದ್ಧತಿ ಎಲ್ಲ ಪ್ಯಾಕೇಜಿಗೂ ಬಂದದ್ದು ಅದೇ ವರ್ಷದ ಕೊನೆಯಲ್ಲಿ, 3.6ರಲ್ಲಿ. ನಮ್ಮದರಲ್ಲಿ ಪಾಸ್‌ವರ್ಡು ಇದೆ, ನಿಜ. ಆದರೂ ಅಗಳಿ ಇದೆ ಎಂದು ದಣಪೆ ತೆಗೆದಿಟ್ಟು ಮಲಗುವವರುಂಟೇ?

ಜುಲೈ 10, ಬುಧವಾರ

ಐಪಿಯ ಬೆನ್ನು ಬೀಳುವುದನ್ನು ಬಿಟ್ಟೆ. ಕ್ಲೌಡಿನೊಳಗೆ ಹೋಗಲು ನಮ್ಮದೇ ಒಂದು ಬಾಗಿಲ ಮೆಷಿನ್ ಇದೆ, ಅದಕ್ಕೆ ನನ್ನ ಕೀ ಸಾಕು. ಅದರ ಮೂಲಕ ಎಸ್‌ಎಸ್‌ಎಚ್ ಟನೆಲ್ ತೋಡಿ, ನನ್ನ ಲ್ಯಾಪ್‌ಟಾಪಿನ 27017 ಅಲ್ಲಿಯ ಒಂದನೇ ಮೆಷಿನ್ನಿನ 27017ಕ್ಕೆ ಹೋಗುವ ಹಾಗೆ ಮಾಡಿದೆ. ಲೋಕಲ್‌ಹೋಸ್ಟ್ ಎಂದು ಕೂಗಿದರೆ ಟಿಎಲ್‌ಎಸ್ ತಕರಾರು: ಸರ್ಟಿಫಿಕೇಟಿನಲ್ಲಿರುವ ಹೆಸರು ಬೇರೆ, ನೀನು ಕರೆದ ಹೆಸರು ಬೇರೆ. ಹೆಸರು ನೋಡಬೇಡ ಎನ್ನುವ ಆಪ್ಶನ್ನೂ ಇದೆ. ಅದನ್ನು ಒಮ್ಮೆ ಹಾಕಿದರೆ ಸ್ಕ್ರಿಪ್ಟಿನಲ್ಲಿ ಹಾಗೇ ಉಳಿದುಬಿಡುತ್ತದೆ, ನನ್ನ ಕೈ ನನಗೆ ಗೊತ್ತು. ಹೋಸ್ಟ್ಸ್ ಫೈಲಿನಲ್ಲಿ ಆ ಮೆಷಿನ್ನಿನ ಅಸಲಿ ಹೆಸರಿಗೆ 127.0.0.1 ಬರೆದೆ. ತಕರಾರು ಹೋಯಿತು.

ಆಮೇಲೆ ಬಂದದ್ದು ಇನ್ನೂ ಮಜಾ. ನಾನು ಕರೆದದ್ದು ಒಂದನ್ನು, ಎರರ್ ಬಂದದ್ದು ಎರಡು ಮತ್ತು ಮೂರನೆಯ ಮೆಷಿನ್ನುಗಳ ಹೆಸರು ಸಿಗುತ್ತಿಲ್ಲ ಎಂದು. ರೆಪ್ಲಿಕಾ ಸೆಟ್ಟಿನ ಸ್ವಭಾವವೇ ಹಾಗೆ. ಒಂದರ ಮನೆ ಬಾಗಿಲು ತಟ್ಟಿದರೆ ಅದು ತನ್ನ ಅಣ್ಣತಮ್ಮಂದಿರ ವಿಳಾಸವನ್ನೆಲ್ಲ ಒಪ್ಪಿಸುತ್ತದೆ, ಮೊಂಗೋಶ್ ಯಜಮಾನ ಯಾರೆಂದು ಹುಡುಕುತ್ತ ಆ ಎಲ್ಲ ವಿಳಾಸಕ್ಕೂ ಓಡುತ್ತದೆ. ಆ ವಿಳಾಸಗಳು ಒಳಗಿನವರಿಗೆ ಮಾತ್ರ ಗೊತ್ತಿರುವಂಥವು. ಸೆಟ್ಟಿನ ಹೆಸರು ತೆಗೆದು, ಡೈರೆಕ್ಟ್‌ಕನೆಕ್ಷನ್ ಟ್ರೂ ಎಂದು ಸೇರಿಸಿದ ಮೇಲೆ ಓಡಾಟ ನಿಂತಿತು.

ಜುಲೈ 12, ಶುಕ್ರವಾರ

ನಿನ್ನೆ ಇಡೀ ದಿನ ಕರೆಂಟಿಲ್ಲ. ಇವತ್ತು ಸ್ವಲ್ಪ ಹೊಳವು. ಅಪ್ಪ ಅಂಗಳದಲ್ಲಿ ಅಡಿಕೆಗೆ ಹೊಡೆಯುವ ಬೋರ್ಡೋ ಕಲಸುತ್ತಿದ್ದರು: ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು.

ಜಗಲಿಯಲ್ಲಿ ಕೂತು ಎಂಟರ್ ಒತ್ತಿದೆ. ತಕ್ಷಣ ಉತ್ತರ: ‘ಅಥೆಂಟಿಕೇಷನ್ ಫೇಲ್ಡ್.’ ನಾನು ಕೈ ತಟ್ಟಿದೆ.

‘ಎಂತಾಯ್ತೇ?’ ಅಂದರು ಅಪ್ಪ.

‘ನೀನು ಯಾರೋ ಗೊತ್ತಿಲ್ಲ ಅಂತು.’

‘ಅದಕ್ಕೆ ಖುಷಿಯಾ?’

ಡೇಟಾಬೇಸೇ ಬಾಯಿ ಬಿಟ್ಟು ಹೇಳಿದ ಮೊದಲ ಮಾತು ಅದು, ಖುಷಿಯಾಗದೆ ಏನು. ಆದರೆ ಅದು ಬಾಯಿ ಬಿಡುವುದೂ ಅಷ್ಟೇ. ಪಾಸ್‌ವರ್ಡು ತಪ್ಪಿದರೂ, ಅಂಥ ಯೂಸರೇ ಇಲ್ಲದಿದ್ದರೂ ಒಂದೇ ವಾಕ್ಯ. ಕಳ್ಳನಿಗೆ ಸುಳಿವು ಸಿಗಬಾರದಲ್ಲ. ಅಪ್ಪ ಚೂರಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದು ನೋಡುತ್ತಿದ್ದರು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಅವರ ಎರರ್ ಮೆಸೇಜು ನನ್ನದಕ್ಕಿಂತ ಎಷ್ಟೋ ಸ್ಪಷ್ಟ.

ಪಾಸ್‌ವರ್ಡನ್ನು ವಿಳಾಸದೊಳಗೆ ತುರುಕದೆ, ಅದು ಕೇಳಿದಾಗ ಟೈಪ್ ಮಾಡಿದೆ. ಕಮಾಂಡಿನಲ್ಲೇ ಬರೆದರೆ ಶೆಲ್ಲಿನ ಹಿಸ್ಟರಿಯಲ್ಲಿ ಕೂರುತ್ತದೆ. ಮೂರು ಸಲವೂ ಅದೇ ಉತ್ತರ. ಟೀ ಕುಡಿದು ಬಂದು ನೋಡಿದರೆ ತಪ್ಪು ಬೇರೆಯೇ. ವಿಳಾಸದ ಕೊನೆಯಲ್ಲಿ ಬಿಲ್ಲಿನ ಡೇಟಾಬೇಸಿನ ಹೆಸರಿತ್ತು. ಹಾಗಿದ್ದರೆ ಮೊಂಗೊಡಿಬಿ ಯೂಸರನ್ನೂ ಅದರಲ್ಲೇ ಹುಡುಕುತ್ತದೆ. ನನ್ನನ್ನು ನೋಂದಾಯಿಸಿದ್ದು ಅಡ್ಮಿನ್ ಎಂಬ ಡೇಟಾಬೇಸಿನಲ್ಲಿ. ಆಥ್‌ಸೋರ್ಸ್ ಅಡ್ಮಿನ್ ಎಂದು ಸೇರಿಸಿದ್ದೇ ತಡ, ಪ್ರಾಂಪ್ಟು ಬಂತು.

ಪಾಸ್‌ವರ್ಡು ಪರೀಕ್ಷಿಸುವ ಈ ಸ್ಕ್ರಾಮ್ ಎಂಬ ಪದ್ಧತಿಯ ಮೇಲೆ ನನಗೆ ಮೊದಲಿಂದಲೂ ಒಂದು ಪ್ರೀತಿ. ಪಾಸ್‌ವರ್ಡು ತಂತಿಯ ಮೇಲೆ ಹೋಗುವುದೇ ಇಲ್ಲ. ಸರ್ವರು ಒಂದು ಸಾಲ್ಟ್ ಕೊಡುತ್ತದೆ, ಅದನ್ನು ಬೆರೆಸಿ ಮಾಮೂಲಿಗೆ ಹದಿನೈದು ಸಾವಿರ ಸಲ ಅರೆದು, ನನಗೆ ಗೊತ್ತಿದೆ ಎಂಬುದಕ್ಕೆ ಸಾಕ್ಷಿ ಮಾತ್ರ ಕಳಿಸುತ್ತೇವೆ. ಆಮೇಲೆ ಸರ್ವರೂ ತಾನು ಅಸಲಿ ಎಂದು ನನಗೆ ಸಾಬೀತು ಮಾಡಬೇಕು. ಪರೀಕ್ಷೆ ಇಬ್ಬರಿಗೂ.

ಪ್ರಾಂಪ್ಟಿನಲ್ಲಿ ‘ಡೈರೆಕ್ಟ್: ಸೆಕೆಂಡರಿ’ ಎಂದಿತ್ತು. ಬರೆಯುವ ಹಾಗಿಲ್ಲ, ಓದಬಹುದು. ನನಗೆ ಬೇಕಾದ್ದೂ ಅಷ್ಟೇ. ಎಣಿಸಿದೆ. ತಾಳೆಯಾಯಿತು.

ಸಂಜೆ ಹುಡುಗನಿಗೆ ಫೋನು ಮಾಡಿ, ಸೋಮವಾರ ಮಂಗಳವಾರ ಸೇರಿಸಿದ ಎರಡು ಐಪಿಗಳನ್ನು ಪಟ್ಟಿಯಿಂದ ತೆಗೆ ಅಂದೆ. ‘ಅವು ನಿಮ್ಮ ಮನೆಯವೇ ಅಲ್ವಾ ಮೇಡಂ?’ ಅಂದ. ಆಗ ಇದ್ದವು. ಇಷ್ಟು ಹೊತ್ತಿಗೆ ಯಾರ ಮನೆ ಮೋಡೆಮ್ಮಿನಲ್ಲಿವೆಯೋ.